ಗಾಡಿ ಬಿಡುವವರು ಯಾರು

ಯಾವ ಕೆಲಸ ಕಂಡರೂ ಇದನ್ನು ಮಾಡಿಸುವವರು ಯಾರು ಎಂದು ಕೇಳದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ. ತಿಪಟೂರಿನ ಕೊಬ್ಬರಿ ಮಂಡಿಯವರು ನನ್ನನ್ನು ಕಂಡರೆ ಈಗಲೂ ಕಾಫಿಯ ನೆಪದಲ್ಲಿ ಎದ್ದು ಹೋಗುತ್ತಾರೆ. ತೊಂಬತ್ತರ ದಶಕದಲ್ಲಿ ಈ ಚಟ ಅವರಿಗಿಂತ ನನಗೇ ದುಬಾರಿಯಾಯಿತು.

ತಂಗಿಯ ಮಗಳ ನಿಶ್ಚಿತಾರ್ಥ ಅರಸೀಕೆರೆಯಲ್ಲಿ. ಸೋದರಮಾವನಾದ ನಾನು ಕೂತು, ಎಲೆ ಅಡಿಕೆ, ಕೊಬ್ಬರಿ ಗಿಟುಕಿನ ತಟ್ಟೆ ಬದಲಾಯಿಸಬೇಕು. ಹೆಂಡತಿ, ತಮ್ಮ, ಒಂದು ಚೀಲ ಕೊಬ್ಬರಿ ಸಮೇತ ಪ್ಯಾಸೆಂಜರ್ ಹತ್ತಿದೆವು. ದಾರಿಯಲ್ಲೊಂದು ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಂತದ್ದು ಹೊರಡಲೇ ಇಲ್ಲ. ಮುಹೂರ್ತ ಮೀರೀತೆಂಬ ಆತಂಕ, ಅದಕ್ಕಿಂತ ಹೆಚ್ಚಾಗಿ ಕುತೂಹಲ. ಇಳಿದು ಡ್ರೈವರನ್ನು ಕೇಳಿದೆ.

"ನನ್ ಕೈಲಿ ಏನೈತೆ, ಗಾರ್ಡ್ ಹಸಿರು ಬಾವುಟ ತೋರಿಸ್ಬೇಕು."

ಗಾರ್ಡು ಸ್ಟೇಷನ್ ಮಾಸ್ತರರತ್ತ ಕೈ ತೋರಿಸಿದ. ಮಾಸ್ತರರು ತಮ್ಮ ಕೋಣೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ನಾನ್ ಬಿಟ್ರೆ ಸಾಲ್ದು ಕಣ್ರೀ, ಮುಂದಿನ ಸ್ಟೇಷನ್ನೋರೂ ಒಪ್ಬೇಕು. ನಮ್ಮಿಬ್ರ ಮ್ಯಾಲೆ ಕಂಟ್ರೋಲ್ ಅಂತ ಅವ್ರೆ. ಫೋನ್ನಾಗೆ ಮಾತಾಡ್ತಾರೆ, ಮುಖ ನಾನೂ ಕಂಡಿಲ್ಲ."

ನನಗೆ ರೋಮಾಂಚನವಾಯಿತು. ಅಷ್ಟರಲ್ಲಿ ಎದುರಿನ ಎಕ್ಸ್‌ಪ್ರೆಸ್ ಬಂದು ಹಾದುಹೋಯಿತು. ಮಾಸ್ತರರು ಗಂಟೆ ಒತ್ತಿದರು. ಮುಂದಿನ ಸ್ಟೇಷನ್ನಿನಿಂದ ಗಂಟೆಯ ಉತ್ತರ ಬಂತು. ಮೂಲೆಯ ಕೆಂಪು ಯಂತ್ರದಿಂದ ಒಂದು ಉಕ್ಕಿನ ಗುಂಡು ಉರುಳಿತು, ಅದೇ ಗಾಡಿಗೆ ರಹದಾರಿ. ಆ ಗುಂಡಿಲ್ಲದೆ ಡ್ರೈವರು ಮುಂದೆ ಹೋಗುವಂತಿಲ್ಲ. ಒಂದು ಗುಂಡು ಹೊರಗಿರುವಾಗ ಎರಡೂ ಸ್ಟೇಷನ್ನಿನ ಯಂತ್ರಗಳಿಂದ ಇನ್ನೊಂದು ಹೊರಬೀಳುವುದಿಲ್ಲ. ಹಾಗಾಗಿ ಒಂಟಿ ಹಳಿಯ ಮೇಲೆ ಎರಡು ಗಾಡಿ ಮುಖಾಮುಖಿಯಾಗುವುದಿಲ್ಲ. ಎಂಥ ಏರ್ಪಾಡು ಎಂದು ನಾನು ಯಂತ್ರದ ಹಿಂದೆ ಮುಂದೆ ಬಗ್ಗಿ ನೋಡಿದೆ. ಗುಂಡು ಡ್ರೈವರಿಗೆ ತಲುಪಿತು, ಬಾವುಟ ಆಡಿತು, ಎಲ್ಲರೂ ಅವರವರ ಕೆಲಸ ಚೊಕ್ಕವಾಗಿ ಮಾಡಿದರು. ಗಾಡಿ ಹೊರಟಿತು. ಕಿಟಕಿಯಲ್ಲಿ ಹೆಂಡತಿಯ ಮುಖ ಕಂಡಾಗಲೇ ನಾನೂ ಅದರೊಳಗಿರಬೇಕಿತ್ತು ಎಂದು ಹೊಳೆದದ್ದು.

"ನಿಲ್ಸಿ ಸಾರ್," ಎಂದು ಅಂಗಲಾಚಿದೆ.

"ಬಿಟ್ಟ ಮ್ಯಾಲೆ ಅದು ನಮ್ದಲ್ಲ, ಮುಂದಿನ ಸ್ಟೇಷನ್ನೋರ್ದು," ಎಂದು ಮಾಸ್ತರರು ಎಲೆ ಬಾಯಿಗಿಟ್ಟರು.

ರಸ್ತೆಗೆ ನಡೆದು, ಸಿಕ್ಕಿದ ಕಾಯಿ ಲಾರಿ ಹತ್ತಿ ಅರಸೀಕೆರೆ ಮುಟ್ಟುವಾಗ ಎರಡನೇ ಪಂಕ್ತಿ ನಡೆದಿತ್ತು. ನನಗೆಂದು ತಂದ ಜರಿ ಪೇಟ ತಮ್ಮನ ತಲೆಯ ಮೇಲಿತ್ತು. ನನಗಿಂತ ಅವನಿಗೇ ಒಪ್ಪುತ್ತಿತ್ತು. ನನಗೆ ಅಳುವೇ ಬಂತು. ಬೈಗುಳಕ್ಕೆ ಸಿದ್ಧನಾಗಿ ಹೆಂಡತಿಯ ಎದುರು ನಿಂತೆ. ಅವಳು ಎಲೆಯ ಮುಂದೆ ಕೂರಿಸಿ, ಸಮಾಧಾನವಾಗಲೆಂದೇ ಅಂದಳು:

"ಕೊರಗ್ಬೇಡಿ ಬುಡಿ. ನೀವಿಲ್ಲ ಅಂತ ಏನೂ ನಿಲ್ಲಲಿಲ್ಲ."

ಬೈದಿದ್ದರೆ ಚೆನ್ನಾಗಿರುತ್ತಿತ್ತು.