ಸೊನ್ನೆ ಬೆಲೆಯ ಹಸುಗಳ ಮಾರಾಟ

ವಿಸ್ಕಾನ್ಸಿನ್ ರಾಜ್ಯದ ರೈತ ಆರ್ವಿಡ್ ಟೊಲೆಫ್‌ಸನ್ನನ ಕೊಟ್ಟಿಗೆಯಲ್ಲಿ ಹನ್ನೆರಡು ಹಸುಗಳು ಎರಡು ಹೊತ್ತೂ ಹಾಲು ಕೊಡುತ್ತಿದ್ದವು. ತೆರಿಗೆ ಕಾಗದದ ಪ್ರಕಾರ ಅವು ಪೂರ್ತಿ ಸವೆದುಹೋಗಿದ್ದವು.

ಈ ಸವಕಳಿಗೆ ಆರ್ವಿಡ್ಡನೇ ಹೊಣೆ. ಕೊಂಡು ತಂದ ಹಸು ವರ್ಷ ವರ್ಷ ಸವೆಯಿತೆಂದು ಬರೆದರೆ ಅಷ್ಟು ಆದಾಯಕ್ಕೆ ತೆರಿಗೆಯಿಲ್ಲ ಎಂಬ ನಿಯಮ ತಿಳಿದಂದಿನಿಂದ, ಪ್ರತಿ ಚಳಿಗಾಲವೂ ಅಡುಗೆಮನೆಯ ಮೇಜಿನ ಮುಂದೆ ಕೂತು ಅವುಗಳನ್ನು ಶ್ರದ್ಧೆಯಿಂದ ಸವೆಸಿದ. ಹಸುಗಳು ಮೈತುಂಬಿಕೊಂಡವು, ಬೆಲೆ ಸೊನ್ನೆಗೆ ಬಂತು. ತನ್ನಂಥ ಬುದ್ಧಿವಂತ ಆ ಕಣಿವೆಯಲ್ಲೇ ಇಲ್ಲವೆಂದು ಚರ್ಚಿನ ಕಾಫಿ ಹೊತ್ತಿನಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಬಂದ.

ಆ ವಸಂತದಲ್ಲಿ ಹಾಲು ಕರೆದದ್ದು ಸಾಕೆನಿಸಿ ಅಷ್ಟನ್ನೂ ಮಾರಿದ. ಒಂದೊಂದಕ್ಕೆ ಎರಡು ಸಾವಿರ ಡಾಲರ್ ಬಂತು. ಹೆಂಡತಿ ಸಿಗ್ನೆಯ ಜೊತೆ ತೆರಿಗೆ ಕಚೇರಿಗೆ ಹೋದ.

ಅಧಿಕಾರಿ ಮಿಸೆಸ್ ಪ್ಲಂಕೆಟ್ ಕಾಗದ ತಿರುವಿದರು. "ಸೊನ್ನೆ ಬೆಲೆಯ ಹಸು ಎರಡು ಸಾವಿರಕ್ಕೆ ಹೋಗಿದೆ. ಅಂದ್ರೆ ಸವೆದೇ ಇಲ್ಲ. ಇಷ್ಟು ವರ್ಷ ಬಿಟ್ಟಿದ್ದನ್ನೆಲ್ಲ ಈಗ ಆದಾಯಕ್ಕೆ ಸೇರಿಸ್ತೀವಿ."

"ಸವೆಸಿ ಅಂದೋರು ನೀವೇ ಅಲ್ವಾ ಮೇಡಂ?"

"ಸವೆಸಿ ಅಂದ್ವಿ. ಮಾರಿ ಅಂದ್ವಾ?"

"ನಾನು ಸವಕಳಿ ಬರೀದೇ ಇದ್ದಿದ್ರೆ?"

"ಬರೀಬಹುದಿತ್ತಲ್ಲ. ಬರೆದ ಹಾಗೇ ಲೆಕ್ಕ. ಮನೇಲೇ ಹುಟ್ಟಿದ್ದಾದ್ರೆ ಮಾತು ಬೇರೆ. ಅದಕ್ಕೆ ಸವಕಳಿ ಇಲ್ಲ. ಎರಡು ವರ್ಷ ಸಾಕಿ ಮಾರಿದ್ರೆ ತೆರಿಗೇಲಿ ರಿಯಾಯಿತಿ."

ಹಸು ಮಾರಿದ ದುಡ್ಡು ಆಗಲೇ ಚಾವಣಿಯ ದುರಸ್ತಿಗೆ ಹೋಗಿತ್ತು. ಕೊನೆಗೆ ಆರ್ವಿಡ್ಡನಿಗೆ ಬುದ್ಧಿವಂತಿಕೆಯೊಂದು ಹೊಳೆಯಿತು.

"ನಾನೂ ಸವೆದಿದೀನಿ ಮೇಡಂ. ಮಂಡಿ ಎರಡೂ ಹೋಗಿವೆ. ಅದನ್ನಾದ್ರೂ ಕಳೀರಿ."

ಪ್ಲಂಕೆಟ್ ನಗಲಿಲ್ಲ. ನಿಯಮದ ಪುಸ್ತಕ ತೆರೆದು ಸಿಗ್ನೆಯನ್ನು ಕೇಳಿದರು: "ಇವರನ್ನ ದುಡ್ಡು ಕೊಟ್ಟು ಕೊಂಡಿದ್ದಾ?"

"ಇಲ್ಲಮ್ಮ, ಬಿಟ್ಟಿ ಬಂದೋನು."

"ಹಾಗಾದ್ರೆ ಸವಕಳಿ ಬರಲ್ಲ. ಎಷ್ಟು ವರ್ಷ ಸಾಕಿದೀರಿ?"

"ನಲವತ್ತೊಂದು."

"ಮಾರೋದಾದ್ರೆ ರಿಯಾಯಿತಿ ಖಂಡಿತ ಸಿಗುತ್ತೆ."

ಸಿಗ್ನೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತಕರಾರೇನೂ ಎತ್ತದೆ ಆರ್ವಿಡ್ ಅಂಗಿ ಸರಿಮಾಡಿಕೊಂಡು ನೆಟ್ಟಗೆ ನಿಂತ. ಸರದಿಯಲ್ಲಿ ಹಿಂದಿದ್ದ ಹಂದಿ ವ್ಯಾಪಾರಿಯೊಬ್ಬ ಮುಂದೆ ಬಂದು, ಅವನ ಸೊಂಟ ಒತ್ತಿ, ಹಲ್ಲು ನೋಡಿ, "ಬೇಡ" ಎಂದ.

'ಕೊಳ್ಳುವವರಿಲ್ಲ' ಎಂದು ಪ್ಲಂಕೆಟ್ ಷರಾ ಬರೆದು ಮುದ್ರೆ ಒತ್ತಿದರು. ಸಿಗ್ನೆ ಅವನನ್ನು ಮನೆಗೆ ಹೊಡೆದುಕೊಂಡು ಹೋದಳು.