ಬ್ಯಾಟರಿಯ ಗುರುವಾರ

"ಚಾರ್ಜ್ ಮಾಡ್ರಿ, ಬಳಸ್ರಿ. ಅಷ್ಟ," ಎಂದಿದ್ದ ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ಹಾಕಿಕೊಟ್ಟ ಅಂಗಡಿಯವನು. ಇಷ್ಟು ಸರಳ ಮಾತನ್ನು ನಂಬಲು ಯೋಗಿರಾಜ ದಡ್ಡನೇ? ಮನೆಗೆ ಬಂದು ನಾಲ್ಕು ವಿಡಿಯೊ ನೋಡಿದ. ಮೂರು ವಿಡಿಯೊ ಅಂಗಡಿಯವನ ಮಾತನ್ನೇ ಹೇಳಿದವು. (ಆದ್ದರಿಂದ ನಾಲ್ಕನೆಯದನ್ನು ನಂಬಿದ.) ಅದರ ಪ್ರಕಾರ ಬ್ಯಾಟರಿಗೆ ಷೋಡಶೋಪಚಾರವೇ ಆಗಬೇಕು: ಪೂರ್ತಿ ತುಂಬಿಸಿ, ಪೂರ್ತಿ ಬರಿದು ಮಾಡಿ, ಐದು ತಾಸು ಮುಟ್ಟದೆ ಇಟ್ಟು ಮತ್ತೆ ತುಂಬಿಸುವುದು. ಹೀಗೆ ಮೂರು ಸಲ. ಫಲಶ್ರುತಿ, ಹತ್ತು ವರ್ಷದ ಬಾಳಿಕೆ.

ಅವಸರಕ್ಕೆ ಕಾರಣವಿತ್ತು. ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ವಸಾಹತಿನ ಟಾವೆಲ್ ಕಾರ್ಖಾನೆಯಲ್ಲಿ ಯೋಗಿರಾಜನದು ಗಂಟು ಕಟ್ಟಿಸುವ ಕೆಲಸ. ಹುಚ್ಚು ಮಾತ್ರ ಲ್ಯಾಪ್‌ಟಾಪಿನಲ್ಲಿ ನವಿಲು ಬಿಡಿಸುವುದು. ಮಾಲೀಕ ಸಾತಲಿಂಗಪ್ಪನವರು, "ಮುಂದಿನ ಗುರುವಾರ ಡಿಜೈನ್ ತೋರಸು. ಪಸಂದ್ ಬಂದ್ರ ಡಿಜೈನರ್ ಖುರ್ಚಿ ನಿಂದು, ಇಲ್ಲಂದ್ರ ಸಿದ್ಧರಾಮಂದು," ಎಂದಿದ್ದರು. ಸಿದ್ಧರಾಮ ಇನ್ನೂ ಚೌಕಳಿ ಕಾಗದದ ಮೇಲೆ ಪೆನ್ಸಿಲಿನಿಂದ ಒಂದೊಂದೇ ಚೌಕ ತುಂಬಿ ಡಿಜೈನ್ ಮಾಡುತ್ತ ಕೂಡುವವ. ಅವನನ್ನು ಕಂಡರೆ ಯೋಗಿರಾಜನಿಗೆ ಅಯ್ಯೋ ಪಾಪ ಅನಿಸುತ್ತಿತ್ತು.

ಮೊದಲ ಬರಿದು ಮಾಡುವ ಶಾಸ್ತ್ರ ಅದಕ್ಕೆ ಒಂದು ವಾರ ಮೊದಲು, ಅದೂ ಗುರುವಾರವೇ ಬಿತ್ತು.

"ಕೆಂಪ ಲೈಟ್ ಹೊಡಿಯಾಕತ್ತೈತ್ರಿ. ಪಿನ್ ಹಚ್ಚಲೇನು?" ಎಂದಳು ಹೆಂಡತಿ ಮನೀಷಾ.

"ಮುಟ್ಟಬ್ಯಾಡ!"

ತಾಯಿ ಉಮಾಬಾಯಿಯ ಕರುಳು ಚುರ್ರೆಂದಿತು. "ಪಾಪ, ಜೀವ ಹೋಗಾಕತ್ತೈತೆಲ್ಲೋ ಅದರದು. ಒಂದೀಟು ಕರೆಂಟ್ ಕುಡಸೋ."

ತಾಯಿಗೆ ಬ್ಯಾಟರಿಯ ರಸಾಯನಶಾಸ್ತ್ರ ಹೇಳುವುದು ಹೇಗೆ? (ತನಗೆ ಗೊತ್ತಿದ್ದರಲ್ಲವೇ!) ಉಮಾಬಾಯಿಗೆ ಅಕ್ಕಲಕೋಟ ತವರು, ಅಲ್ಲಿಯ ಸ್ವಾಮಿಗಳ ಹೆಸರಿನಲ್ಲಿ ಮೂವತ್ತು ವರ್ಷದಿಂದ ಗುರುವಾರದ ಉಪವಾಸ ತಪ್ಪಿಸಿದವಳಲ್ಲ. ಯೋಗಿರಾಜನಿಗೆ ಥಟ್ಟನೆ ಉಪಾಯ ಹೊಳೆಯಿತು.

"ಅವ್ವಾ, ಅದಕ್ಕ ಇವತ್ತ ನಿನ್ನಂಗ ಉಪಾಸ. ಸಂಜಿ ಆರತಿ ಆಗೂತನಕ ಏನೂ ಕೊಡಬಾರದು."

"ಹೌದಾ? ಎಷ್ಟ ಸಲದ ಹರಕಿ?"

"ಮೂರು. ಮುಗದ್ರ ಹತ್ತ ವರ್ಷ ಬಾಳತೈತಿ."

"ಅತ್ತಿ, ಇದು ನಿಮಗಿಂತ ಕಡಕ್ ಐತಿ," ಎಂದಳು ಮನೀಷಾ. "ಉಪಾಸದ ಸಾಬುದಾಣಿ ಖಿಚಡೀನೂ ತಿನ್ನಂಗಿಲ್ಲ."

ವಾರ ಕಳೆಯಿತು. ಬುಧವಾರ ರಾತ್ರಿಗೆ ಬ್ಯಾಟರಿ ಮೂರನೆಯ ಸಲ ಬರಿದಾಯಿತು. ವಿಧಿಯಂತೆ ಐದು ತಾಸು ಬಿಟ್ಟು, ಗುರುವಾರ ಬೆಳಗಿನ ಐದಕ್ಕೆ ಯೋಗಿರಾಜ ನಿದ್ದೆಗಣ್ಣಲ್ಲೇ ಎದ್ದು ಪಿನ್ ಚುಚ್ಚಿ ಮತ್ತೆ ಮಲಗಿದ. ಎದ್ದಾಗ ಎಂಟೂವರೆ. ಲ್ಯಾಪ್‌ಟಾಪ್ ಆಗಲೇ ಚೀಲ ಸೇರಿ ಬಾಗಿಲಲ್ಲಿ ಕೂತಿತ್ತು. ಹೆಂಡತಿಯ ಕಾಳಜಿಗೆ ಅವನ ಎದೆ ತುಂಬಿ ಬಂತು.

"ಚಾರ್ಜರ್ ಒಯ್ಯಂಗಿಲ್ಲೇನ್ರಿ?"

"ಹೊಸಾ ಬ್ಯಾಟರಿ ಇಟಗೊಂಡು ಚಾರ್ಜರ್ ಹೊರೂದಂದ್ರ ಅದಕ್ಕ ಅಪಮಾನ," ಎಂದು ಆಟೋ ಹತ್ತಿದ.

ಕಾರ್ಖಾನೆಯಲ್ಲಿ ಸಾತಲಿಂಗಪ್ಪನವರು ತಮ್ಮ ಉಪವಾಸದ ಸಾಬುದಾಣಿ ಖಿಚಡಿಯ ತಾಟು ಸರಿಸಿ ಕನ್ನಡಕ ಏರಿಸಿದರು. ಪಕ್ಕದಲ್ಲಿ ಸಿದ್ಧರಾಮ, ಕಂಕುಳಲ್ಲಿ ಕಾಗದದ ಸುರುಳಿ. ಯೋಗಿರಾಜ ಗತ್ತಿನಿಂದ ಲ್ಯಾಪ್‌ಟಾಪ್ ತೆರೆದ. ನವಿಲಿನ ಕೊಕ್ಕು ಕಂಡಿತು. ಕತ್ತು ಕಾಣುವಷ್ಟರಲ್ಲಿ ಪರದೆ ಕಪ್ಪಾಯಿತು.

ಬೆವೆತ ಬೆರಳು ಮನೆಗೆ ಫೋನ್ ಹಚ್ಚುವ ಗಡಿಬಿಡಿಯಲ್ಲಿ ಸ್ಪೀಕರನ್ನೂ ಒತ್ತಿತು.

"ಅವ್ವಾ, ಪಿನ್ ಯಾರ ತಗದ್ರು?"

"ನಾನ! ಗುರುವಾರ ಅನ್ನೂದು ಮರತು ಹಚ್ಚಿ ಮಕ್ಕೊಂಡಿದ್ದೆಲ್ಲೋ. ಐದ ನಿಮಿಷನೂ ಆಗಿರಲಿಲ್ಲ, ಕಿತ್ತು ಚೀಲದಾಗ ಇಟ್ಟೆ. ಇದು ಎರಡನೇ ಗುರುವಾರ, ಇನ್ನೊಂದ ಉಳದೈತಿ. ಬ್ಯಾಟರೀದು ಉಪಾಸ ನಡುವ ಮುರದ್ರ ನಡೀತೈತೇನು?"

ಸಾತಲಿಂಗಪ್ಪನವರು ಫೋನಿಗೆ ಕೈ ಮುಗಿದರು. "ಪುಣ್ಯವಂತಿ ತಾಯಿ! ಮುಚ್ಚಪಾ, ಉಪಾಸ ಇದ್ದದ್ದನ್ನ ದಣಿಸಬಾರದು. ಸಿದ್ಧರಾಮಾ, ನಿಂದ ಬಿಚ್ಚು."

ಸಿದ್ಧರಾಮ ಬಿಚ್ಚಿದ. ಖುರ್ಚಿ ಅವನದಾಯಿತು.

ಮೂರನೆಯ ಗುರುವಾರ ಉಮಾಬಾಯಿ ಬ್ಯಾಟರಿಯ ವ್ರತ ಮುಗಿಸಿದಳು. ಲ್ಯಾಪ್‌ಟಾಪಿಗೆ ಕುಂಕುಮ, ಆರತಿ, ಆಮೇಲೆ ಪಿನ್. ಊಟಕ್ಕೆ ಹೊರಗಿನವರೊಬ್ಬರು ಬೇಕೆಂದು ಮನೀಷಾ ಸಿದ್ಧರಾಮನನ್ನೇ ಕರೆದಿದ್ದಳು. ("ನಿಮ್ಮ ದೋಸ್ತ ಅಲ್ಲೇನ್ರಿ?") ಅವನು ನಾಲ್ಕು ಹೋಳಿಗೆ ತಿಂದು, ಉಮಾಬಾಯಿಯ ಕೈಗೆ ಹೊಸ ಟಾವೆಲ್ ಇಟ್ಟು ಕಾಲಿಗೆ ಬಿದ್ದ. ಅದರ ತುಂಬ ಅವನು ಪೆನ್ಸಿಲಿನಲ್ಲಿ ಬಿಡಿಸಿದ್ದ ನವಿಲು; ಕೊಕ್ಕಿನಿಂದ ಗರಿಯವರೆಗೆ ಪೂರ್ತಿ.

ಉಮಾಬಾಯಿ ಅದನ್ನು ಲ್ಯಾಪ್‌ಟಾಪಿನ ಮೇಲೆ ಹೊದಿಸಿ ನಾಲ್ಕೂ ಅಂಚು ಒತ್ತಿ ಸರಿಮಾಡಿದಳು.

"ಧೂಳ ಕೂಡಬಾರದಪಾ," ಎಂದಳು ಮಗನಿಗೆ. "ಹತ್ತ ವರ್ಷ ಬಾಳತೈತಿ ಅಂದಿದ್ದೆಲ್ಲ."