ಉದಾಹರಣೆಗೆ ಒಬ್ಬ ರೋಗಿ

ಬಾಯಿ ಮುಚ್ಚಿಕೊಂಡಿರುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ನಂಬಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳಲ್ಲಿ ಅಮ್ಮ ಬೇಳೆ ಅಳೆಯುತ್ತಿದ್ದರು. ಅಷ್ಟು ಮಾತು ಬಲ್ಲವನಿಗೆ ಮೌನ ಯಾವ ಲೆಕ್ಕ?

ನಂದಿದುರ್ಗ ಎಂಬ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾಗಿದ್ದ ಸೋದರಮಾವನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವಾಗ ಅತ್ತೆ ಎಚ್ಚರಿಸಿದ್ದರು: "ಕ್ಯಾನ್ಸರ್ ಅಂತ ಅವ್ರಿಗೆ ಗೊತ್ತಾಗ್ಬಾರ್ದು. ಧೂಳಿನ ಕೆಮ್ಮು ಅಂದಿವ್ನಿ. ನೀನು ಬಾಯ್ಬಿಟ್ರೆ ಅವ್ರು ಅರ್ಧ ಜೀವ ಆಗೋಗ್ತಾರೆ."

ಆಸ್ಪತ್ರೆಯಲ್ಲಿ ಡಾಕ್ಟರು ನನ್ನೊಬ್ಬನನ್ನೇ ಕರೆದು, ಶ್ವಾಸಕೋಶದ ಗಡ್ಡೆ ಇನ್ನೂ ದೊಡ್ಡದಾಗಿದೆ ಎಂದರು. ನಾನು ಬಿಡುತ್ತೇನೆಯೇ? "ಮೈ ಕಾಯೋಕೆ ಬಿಳಿ ರಕ್ತಕಣಗಳಿವೆಯಲ್ಲ, ಅವೇನು ಮಾಡ್ತಿವೆ?" ಎಂದು ಸವಾಲೆಸೆದೆ.

"ಹೋರಾಡೋಕೆ ಹೋಗಿವೆ. ಆದ್ರೆ ಕೆಲವನ್ನು ಗಡ್ಡೆ ತನ್ನ ಕಡೆ ಮಾಡ್ಕೊಂಡಿದೆ. ಅದಕ್ಕೆ ಹೊಸ ರಕ್ತನಾಳ ಬೆಳೆಯೋದಕ್ಕೆ ಈಗ ಅವೇ ನೆರವಾಗ್ತಿವೆ."

ಪ್ರತಿಪಕ್ಷದ ವಾದ ಗಟ್ಟಿಯಾಗಿತ್ತು. ಸೋತು ಬಂದೆ.

ವಾಪಸಾಗುವ ಮಾರಿಕುಪ್ಪಂ ರೈಲಿನಲ್ಲಿ ಮಾವ ಮುಖಕ್ಕೆ ಟವೆಲ್ ಹೊದ್ದು, ಕೆಮ್ಮುತ್ತಲೇ ನಿದ್ದೆಹೋದರು. ಮಾಲೂರಿನಲ್ಲಿ ಖಾಲಿ ಹಾಲಿನ ಕ್ಯಾನ್ ಹಿಡಿದು ಹತ್ತಿದ ರೈತರೊಬ್ಬರು ಆ ಕೆಮ್ಮು ಕೇಳಿ ನನಗೆ ಹೇಳಿದರು: "ಖರ್ಜೂರ ತಿನ್ಸಪ್ಪಾ. ರಕ್ತ ಊರಿದ್ರೆ ಎಂಥಾ ರೋಗ್ವಾದ್ರೂ ಅದೇ ಓಡಿಸ್ತದೆ."

ಅವೈಜ್ಞಾನಿಕ! ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಮಾನ್ಯರೇ, ಉದಾಹರಣೆಗೆ ಒಬ್ಬ ರೋಗಿ. ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ. ರಕ್ತದ ಕಾವಲುಗಾರರು ಆ ಕಳ್ಳನನ್ನು ಹಿಡಿಯೋಕೆ ಹೋಗ್ತಾರೆ. ಅವನು ಅವರನ್ನೇ ಒಲಿಸ್ಕೊಳ್ತಾನೆ. ಅವರೇ ನಿಂತು ಅವನ ಮನೆಗೆ ರಕ್ತದ ನಲ್ಲಿ ಹಾಕಿಸಿಕೊಡ್ತಾರೆ. ಈಗ ಹೇಳಿ, ನಿಮ್ಮ ಖರ್ಜೂರದ ರಕ್ತ ಯಾರ ಪಕ್ಷ?"

"ಅಂಥಾ ರೋಗಿ ಎಲ್ಲವ್ನೆ?"

"ಇದ್ದಾನೆ ಅಂದ್ಕೊಳ್ಳಿ. ಅರವತ್ತು ದಾಟಿದೆ. ವರ್ಷಗಟ್ಟಲೆ ಗಣಿಯಲ್ಲಿ..."

ರೈತರು ಮಾವನ ಕಡೆ ನೋಡಿದರು. ಕ್ಯಾನ್ ಎತ್ತಿಕೊಂಡು ಬಾಗಿಲ ಬಳಿ ಹೋಗಿ ನಿಂತರು. ನಾನು ಗೆದ್ದಿದ್ದೆ.

ಟವೆಲ್ಲಿನೊಳಗಿಂದ ಮಾವನ ದನಿ ಬಂತು. "ಲೇ, ಆ ಕಾವಲಿನೋರೂ ನನ್ನೋರೇ ಏನ್ಲಾ?"

"ಹೂಂ ಮಾವ."

ಬಂಗಾರಪೇಟೆ ದಾಟಿದ ಮೇಲೆ ಮಾವ ಮುಖದ ಟವೆಲ್ ತೆಗೆದು ಮಡಚಿದರು. ಆಮೇಲೆ, "ನಿಮ್ಮತ್ತೆಗೆ ಏಳ್ಬ್ಯಾಡ ಕಣ್ಲಾ. ನಾನು ಧೂಳಿನ ಕೆಮ್ಮು ಅಂತ್ಲೇ ನಂಬಿವ್ನಿ ಅಂದ್ಕಂಡವ್ಳೆ. ಅಂಗೇ ಇರ್ಲಿ" ಎಂದರು.

ಮನೆ ಸೇರುತ್ತಲೇ ಅತ್ತೆ ನನ್ನನ್ನು ಒಲೆಯ ಬಳಿಗೆ ಎಳೆದು, "ಬಾಯ್ಬಿಟ್ಯೇನೋ?" ಎಂದು ಪಿಸುಗುಟ್ಟಿದರು. ಉತ್ತರ ಹೊಳೆಯುವ ಮೊದಲೇ ಹೊರಗಿನಿಂದ ಮಾವ ಕೂಗಿದರು: "ಇವ್ನ ಜೊತೆ ಓಗೋದು ಸಾಕು ಕಣೆ. ದಾರಿ ಉದ್ದಕ್ಕೂ ಒಂದು ಮಾತಿಲ್ಲ."

ಅತ್ತೆಯ ಮುಖ ಅರಳಿತು. ಊಟಕ್ಕೆ ಕೂರಿಸಿ, ನನ್ನ ತಟ್ಟೆಯ ಮುದ್ದೆಗೆ ಇನ್ನೊಂದು ಸೌಟು ಸಾರು ಬಿಟ್ಟರು. ಬಾಯಿ ಮುಚ್ಚಿಕೊಂಡಿದ್ದಕ್ಕೆ ನನಗೆ ಸಿಕ್ಕ ಮೊದಲ ಬಹುಮಾನ ಅದು. ಯಾವ ಆಕ್ಷೇಪವನ್ನೂ ಎತ್ತದೆ ತಿಂದೆ.